ಸೌದೆ ರಾಶಿಗೆ ಕೈ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಕೊಡಗಿನ ಹಿತ್ತಿಲುಗಳಲ್ಲಿ ಗೋಡೆಗೊತ್ತಿ ಪೇರಿಸಿದ ಸೌದೆಗೆ ಇಲಿ ಬರುತ್ತದೆ, ಇಲಿಯ ಹಿಂದೆಯೇ ನಾಗರ. ಸೌದೆಯನ್ನು ನೆಲದಿಂದ ಒಂದಡಿ ಎತ್ತರಿಸಿ, ಗೋಡೆಯಿಂದ ದೂರವಿಡಿ. ಕೋಲಿನಿಂದ ತಟ್ಟಿ, ಮೇಲಿನಿಂದಲೇ ಒಂದೊಂದಾಗಿ ತೆಗೆಯಿರಿ.

ಇನ್ನೂ ಅಪಾಯ ಕಾಫಿ ತೋಟದ ತರಗೆಲೆಯಲ್ಲಿ. ಅಲ್ಲಿ ಅಂಗೈಯಗಲಕ್ಕೆ ಸುತ್ತಿಕೊಂಡು ಮಲಗುವ, ಮೂತಿ ಮೇಲೆದ್ದ ಪುಟ್ಟ ಗುಳಿಮಂಡಲ ಹಾವು ಕಣ್ಣಿಗೇ ಬೀಳದು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಗೆಂದು ತಯಾರಾದದ್ದು. ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಹಾಗೆಂದು ಕಚ್ಚಿದಾಗ ಮನೆಯಲ್ಲೇ ಕೂರಬೇಡಿ, ಮೂತ್ರಪಿಂಡ ಕೆಡಬಹುದು. ಬಿಗಿದು ಕಟ್ಟುವುದು, ಕೊಯ್ಯುವುದು ಖಂಡಿತ ಬೇಡ. ಬಳೆ, ಉಂಗುರ ಬಿಚ್ಚಿ, ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಂಡು ಆಸ್ಪತ್ರೆಗೆ ಒಯ್ಯಿರಿ. ಕಳೆ ತೆಗೆಯುವ ಕಾರ್ಮಿಕರಿಗೆ ಗಮ್‌ಬೂಟು ಕೊಡುವುದು ತೋಟದವರ ಹೊಣೆ.

– ಕಾಫಿ ಬೆಳೆಗಾರರೊಬ್ಬರು, ಸೋಮವಾರಪೇಟೆ