ಉಪ್ಪು ಸರಿಯಾಗಿದೆ, ಗೆಳೆಯ

ಚಿಯಾಂಗ್ ಮಾಯ್, ಥಾಯ್ಲೆಂಡ್
ನವೆಂಬರ್, ರಾತ್ರಿ ಹನ್ನೊಂದು ಗಂಟೆ

ಪ್ರಿಯ ಗೆಳೆಯ,

ಉಪ್ಪು ಸರಿಯಾಗಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಇಲ್ಲವಾದರೆ ನೀನು ಮುಂದೆ ಓದುವವನಲ್ಲ.

ಇಲ್ಲಿಗೆ ಬಂದು ಹನ್ನೊಂದು ದಿನವಾಯಿತು. ತರಬೇತಿ ನಾಳೆ ಮುಗಿಯುತ್ತದೆ. ನೀನು ಕೇಳಿದ ಫೋಟೊಗಳನ್ನು ತೆಗೆದಿಲ್ಲ. ದೋಯ್ ಸುಥೇಪ್ ಬೆಟ್ಟವನ್ನು ಕೆಳಗಿನಿಂದಲೇ ನೋಡಿದ್ದೇನೆ, ಮೇಲಿನ ಚಿನ್ನದ ಸ್ತೂಪ ಬೆಳಿಗ್ಗೆ ಮಂಜು ಸರಿದಾಗ ಒಂದು ಚುಕ್ಕಿಯಂತೆ ಹೊಳೆಯುತ್ತದೆ. ಹತ್ತಿ ಬಾ ಎಂದು ಎಲ್ಲರೂ ಹೇಳಿದರು. ಆದರೆ ಸಂಜೆಯಾದರೆ ಕಾಲು ಒಂದೇ ಕಡೆಗೆ ಎಳೆಯುತ್ತದೆ.

ಮಂಗ್ರಾಯ್ ಅರಸ 1296ರಲ್ಲಿ ಕಟ್ಟಿಸಿದ ಊರಿದು. ಅವನ ನಾಡಿನ ಹೆಸರು ಲಾನ್ನಾ, ಅಂದರೆ ಹತ್ತು ಲಕ್ಷ ಗದ್ದೆಗಳ ನಾಡು. ಹಳೆಯ ನಗರದ ಸುತ್ತ ಚೌಕಾಕಾರದ ಕಂದಕ ಇಂದಿಗೂ ಇದೆ. ಆ ಕಂದಕ ದಾಟಿ ಒಂದು ಓಣಿಯೊಳಗೆ ಹೋದರೆ, ಮನೆಯ ಮುಂಭಾಗವನ್ನೇ ಹೋಟೆಲ್ ಮಾಡಿಕೊಂಡ ಒಂದು ಕುಟುಂಬ. ಹೆಸರು ಹೇಳುವುದಿಲ್ಲ. ಇದನ್ನು ಓದಿ ನಾಲ್ಕು ಮೇಜಿಗೆ ನಲವತ್ತು ಜನ ಬಂದರೆ ಅಲ್ಲಿನ ಹುಡುಗಿಗೆ ಪುಸ್ತಕ ಇಟ್ಟುಕೊಳ್ಳಲು ಜಾಗವಿರುವುದಿಲ್ಲ.

ಹೌದು, ನಾಲ್ಕೇ ಮೇಜು. ಅವುಗಳ ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸು. ಬಾಗಿಲ ಬಳಿ ಕಂಬದ ಮೇಲೆ ನೆಲದ ದೇವತೆಗೆಂದು ಪುಟ್ಟ ಗುಡಿ, ಅದರ ಮುಂದೆ ಕೆಂಪು ಶರಬತ್ತಿನ ಬಾಟಲಿ, ದೇವರು ಕುಡಿಯಲೆಂದು ಬಾಟಲಿಗೊಂದು ಕೊಳವೆ. ಸೊಸೆ ಒಲೆಯ ಮುಂದೆ, ಮಗ ಪೇಟೆ ಮತ್ತು ಪಾತ್ರೆಗಳ ನಡುವೆ. ಹತ್ತು ಹನ್ನೊಂದು ವರ್ಷದ ಮೊಮ್ಮಗಳು ಬಡಿಸುತ್ತಾಳೆ. ನಾಲ್ಕನೆಯ ಮೇಜಿನ ಅರ್ಧ ಅವಳ ಶಾಲೆಯ ಪುಸ್ತಕಗಳದ್ದು. ಗಿರಾಕಿಗಳು ಹೆಚ್ಚಾದರೆ ಪುಸ್ತಕ ಮೊಣಕಾಲಿಗೆ ಇಳಿಯುತ್ತದೆ, ಲೆಕ್ಕ ನಿಲ್ಲುವುದಿಲ್ಲ. ನಮ್ಮ ಹೋಟೆಲಿನಲ್ಲಿ ನಾನು ಬಡಿಸುವ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಎಂಟರ ಮಗ್ಗಿ ಬಾಯಿಪಾಠ ಮಾಡುತ್ತಿದ್ದುದು ನಿನಗೆ ನೆನಪಿರಬೇಕು. ಎಲ್ಲಕ್ಕಿಂತ ಹಿಂದೆ, ಒರಳಿನ ಮುಂದೆ, ಅಜ್ಜಿ. ಇಲ್ಲಿಯ ಮಾತಿನಲ್ಲಿ ಅಜ್ಜಿಗೆ ‘ಉಯ್’ ಎನ್ನುತ್ತಾರೆ.

ಬೆಂಗಳೂರಿನಲ್ಲಿ ನೀನೂ ನಾನೂ ಥಾಯ್ ಊಟವೆಂದು ತಿಂದದ್ದು, ಆ ತೆಂಗಿನಹಾಲಿನ ಸಿಹಿ ಹಸಿರು ಸಾರು, ಈ ಮನೆಯಲ್ಲಿ ಇಲ್ಲ. ಇದು ಬೆಟ್ಟದ ಕಡೆಯ ಅಡುಗೆ. ಸಮುದ್ರ ದೂರ, ತೆಂಗೂ ಕಡಿಮೆ. ಸಿಗಡಿ ಹಿಂಡಿಯ ಜಾಗದಲ್ಲಿ ‘ತುವಾ ನಾವ್’ ಎಂಬುದನ್ನು ಬಳಸುತ್ತಾರೆ. ಸೋಯಾ ಕಾಳನ್ನು ಬೇಯಿಸಿ, ಹುಳಿಬರಿಸಿ, ಅರೆದು, ಹಪ್ಪಳದಂತೆ ಬಿಲ್ಲೆ ತಟ್ಟಿ ಬಿಸಿಲಿಗೆ ಹಾಕಿದ್ದು. ಅಜ್ಜಿ ಅದನ್ನು ಕೆಂಡದ ಮೇಲೆ ಸುಟ್ಟು ಒರಳಿಗೆ ಹಾಕುವಾಗ ಓಣಿಯ ತುದಿಗೂ ವಾಸನೆ ಬರುತ್ತದೆ.

ಮೊದಲ ರಾತ್ರಿ ಹುಡುಗಿ ಮುಚ್ಚಳವಿರುವ ಒಂದು ಬಿದಿರಿನ ಬುಟ್ಟಿಯನ್ನು ತಂದಿಟ್ಟಳು. ತೆರೆದರೆ ಹಬೆಯಾಡುವ ಅಂಟಕ್ಕಿಯ ಅನ್ನ. ರಾತ್ರಿಯೆಲ್ಲ ನೆನೆಸಿ ಹಬೆಯಲ್ಲಿ ಬೇಯಿಸಿದ್ದು. ಬಿಡಿ ಅನ್ನವನ್ನು ಚಮಚದಲ್ಲಿ ತಿನ್ನುವ ಇವರು ಇದನ್ನು ಮಾತ್ರ ಕೈಯಿಂದ ತಿನ್ನುತ್ತಾರೆ. ನಾನು ಅಭ್ಯಾಸಬಲದಿಂದ ತಟ್ಟೆಗೆ ಸುರಿದುಕೊಂಡು ಕಲಸಹೊರಟೆ. ಹುಡುಗಿ ಪುಸ್ತಕ ಬಿಟ್ಟು ಓಡಿಬಂದಳು. ಒಂದು ಚಿವುಟು ಮುರಿದು, ಬೆರಳ ತುದಿಯಲ್ಲೇ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಗೊಜ್ಜಿಗೆ ಅದ್ದಿ ತೋರಿಸಿದಳು. ಗೊಜ್ಜಿನ ಹೆಸರು ನಾಮ್ ಪ್ರಿಕ್ ನುಮ್. ಉದ್ದನೆಯ ಹಸಿಮೆಣಸು, ಬೆಳ್ಳುಳ್ಳಿ, ಸಣ್ಣ ಈರುಳ್ಳಿಗಳನ್ನು ಸುಟ್ಟು, ಸಿಪ್ಪೆ ತೆಗೆದು, ಕುಟ್ಟಿದ್ದು. ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿಗೆ ಹತ್ತಿರದ ನೆಂಟ.

ಎರಡನೆಯ ರಾತ್ರಿ ಎಳೆಯ ಹಲಸಿನಕಾಯಿ. ಬೇಯಿಸಿ, ಒರಳಿನಲ್ಲಿ ಜಜ್ಜಿ, ಒಗ್ಗರಣೆಯಲ್ಲಿ ಹೊರಳಿಸಿದ್ದು. ಇದಕ್ಕೆ ತಮ್ ಖನುನ್ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಇಲ್ಲಿಯ ಹೊಸವರ್ಷ ಕಳೆದ ಮೇಲೆ ಒಂದು ದಿನ ಮನೆಮನೆಯಲ್ಲೂ ಹಲಸಿನ ಅಡುಗೆ ಆಗಲೇಬೇಕಂತೆ. ‘ಖನುನ್’ ಎಂಬ ಹಲಸಿನ ಹೆಸರಿನೊಳಗೆ ಇರುವ ‘ನುನ್’ ಎಂದರೆ ಆಸರೆ ಕೊಡುವುದು, ಎತ್ತಿಹಿಡಿಯುವುದು. ಹಲಸು ತಿಂದವರನ್ನು ವರ್ಷವಿಡೀ ಯಾವುದೋ ಕೈ ಆನಿಸಿ ಹಿಡಿಯುತ್ತದೆ ಎಂಬ ನಂಬಿಕೆ. ನನಗೆ ಈ ನಂಬಿಕೆ ಬಹಳ ಹಿಡಿಸಿತು.

ಇನ್ನೊಂದು ರಾತ್ರಿ ಕೇಂಗ್ ಹಂಗ್ ಲೇ. ಶುಂಠಿ, ಹುಣಸೆ, ಉಪ್ಪಿನಲ್ಲಿ ಹಾಕಿದ ಬೆಳ್ಳುಳ್ಳಿಯ ಜೊತೆ ನಿಧಾನವಾಗಿ ಬೆಂದ ಹಂದಿಮಾಂಸ. 1558ರಲ್ಲಿ ಬರ್ಮಾದವರು ಈ ಊರನ್ನು ಗೆದ್ದು ಎರಡು ಶತಮಾನ ಆಳಿದರು. ಆ ಕಡೆಯಿಂದ ಬಂದ ಸಾರು ಇದು. ಪಾತ್ರೆಯ ಮುಚ್ಚಳ ತೆಗೆದರೆ ಗರಂ ಮಸಾಲೆಯ ವಾಸನೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಲಾಪ್. ಹುಣಸೆಮರದ ದಿಮ್ಮಿಯ ಮೇಲೆ ಮಾಂಸವನ್ನು ಸಣ್ಣಗೆ ಕೊಚ್ಚಿ, ಒಣಮೆಣಸು, ಹಿಪ್ಪಲಿ, ಕೊತ್ತಂಬರಿ, ಲವಂಗ, ಜಾಯಿಪತ್ರೆಗಳನ್ನು ಹುರಿದ ಪುಡಿ ಬೆರೆಸಿದ್ದು. ಮೊದಲ ತುತ್ತು ಇಳಿಯಿತು. ಎರಡನೆಯದಕ್ಕೆ ನಾಲಿಗೆಯ ಅಂಚು ಜುಮ್ ಎಂದಿತು. ಕೈ ಅಲ್ಲೇ ನಿಂತಿತು. ಏನಿದು ಎಂದು ಸನ್ನೆಯಲ್ಲಿ ಕೇಳಿದೆ. ಅಜ್ಜಿ ಒಂದು ಗಾಜಿನ ಭರಣಿ ತಂದು ನನ್ನ ಅಂಗೈಗೆ ಸುರಿದಳು. ಕಂದುಬಣ್ಣದ, ಬಾಯಿ ಬಿರಿದ ಸಣ್ಣ ಸಿಪ್ಪೆಗಳು, ಕೆಲವುದರೊಳಗೆ ಮಿರುಗುವ ಕರಿಬೀಜ. ಇಲ್ಲಿಯ ಹೆಸರು ಮಖ್ವೇನ್. ನಮಗೆ ಹೆಸರು ಬೇಕೇ? ಅದು ನಮ್ಮ ಜುಮ್ಮನಕಾಯಿಯ ಕುಲದ್ದೇ ಗೆಳೆಯ, ನಿಮ್ಮ ಮನೆಯ ತೆಪ್ಪಳ. ಬಂಗುಡೆ ಸಾರಿಗೆ ಕೊನೆಯಲ್ಲಿ ಜಜ್ಜಿ ಹಾಕುವುದು. ಮೂಗಿನ ಹತ್ತಿರ ತಂದೆ. ಕುಮಟಾದ ನಮ್ಮ ಹೋಟೆಲಿನ ಅಡುಗೆಮನೆ, ಮಳೆಗಾಲ, ಒದ್ದೆ ಕಟ್ಟಿಗೆಯ ಹೊಗೆ, ನನ್ನ ತಾಯಿ, ಆಯಿಯ ಕೈ. ಎಲ್ಲವೂ ಒಂದೇ ಸಲ ಬಂದವು.

ಆ ರಾತ್ರಿಯೇ ನಿನಗೆ ಬರೆಯಬೇಕೆಂದಿದ್ದೆ. ಬರೆದಿದ್ದರೆ ಪತ್ರ ಇಲ್ಲಿಗೇ ಮುಗಿಯುತ್ತಿತ್ತು, ಚೆನ್ನಾಗಿಯೂ ಇರುತ್ತಿತ್ತು.

ಆದರೆ ಮೊನ್ನೆ ಹೀಗಾಯಿತು. ಬೇರೆ ಗಿರಾಕಿಗಳಿರಲಿಲ್ಲ. ಅಜ್ಜಿ ಒರಳಿನ ಮುಂದೆ ಕೂತು ಕುಟ್ಟುತ್ತಿದ್ದಳು. ನಡುವೆ ಒಮ್ಮೆ ನಿಲ್ಲಿಸಿ ಮಣಿಕಟ್ಟನ್ನು ಇನ್ನೊಂದು ಕೈಯಿಂದ ತಿಕ್ಕಿಕೊಂಡಳು. ನನಗೆ ಕನಿಕರ ಬಂತು. ಹುಡುಗಿಗೆ ಶಾಲೆಯ ಇಂಗ್ಲಿಷ್ ಸ್ವಲ್ಪ ಬರುತ್ತದೆ. “ಅಜ್ಜಿಗೆ ವಯಸ್ಸಾಯಿತಲ್ಲ, ಇನ್ನು ಸಾಕು ಎನಿಸುವುದಿಲ್ಲವೇ? ಕೇಳು,” ಎಂದೆ. ಹುಡುಗಿ ಕೇಳಿದಳು. ಅಜ್ಜಿ ನಗಲಿಲ್ಲ. ಒನಕೆಯನ್ನು ಒರಳಿಗೆ ಆನಿಸಿ ನನ್ನ ತಟ್ಟೆಯನ್ನೇ ನೋಡಿದಳು. ಸಣ್ಣ ದನಿಯಲ್ಲಿ ಏನೋ ಹೇಳಿದಳು. ಹುಡುಗಿ ನನ್ನ ಕಡೆಗೆ ತಿರುಗಿದಳು.

“ಅಜ್ಜಿ ಕೇಳುತ್ತಿದ್ದಾರೆ, ಇವತ್ತು ರುಚಿ ಕೆಟ್ಟಿದೆಯೇ?”

ನಾನು ಉತ್ತರಿಸುವ ಮೊದಲೇ ಅಜ್ಜಿ ತನ್ನ ಬುಟ್ಟಿಯಿಂದ ಒಂದು ಚಿವುಟು ಅನ್ನ ಮುರಿದು, ಒರಳಿನ ಅಂಚಿಗೆ ಒರೆಸಿ, ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಇನ್ನೊಂದು ಉಂಡೆ ಕಟ್ಟಿ, ಅದ್ದಿ, ಎದ್ದುಬಂದು ನನ್ನ ಕೈಗಿತ್ತಳು. ನಾನು ತಿನ್ನುವಷ್ಟು ಹೊತ್ತೂ ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ರುಚಿಯಾಗಿದೆ ಎನ್ನಲು ಇಲ್ಲಿಯವರ ಮಾತು ‘ಲಮ್’. ಬಹಳ ರುಚಿಯಾಗಿದ್ದರೆ ‘ಲಮ್ ಖನಾತ್’. ಹುಡುಗಿ ಕಲಿಸಿದ್ದಳು. ಹೇಳಿದೆ. ಎರಡು ಸಲ ಹೇಳಿದೆ. ಆಗ ಅಜ್ಜಿಯ ಭುಜ ಇಳಿಯಿತು.

ನನಗೆ ಮುಂದಿನ ತುತ್ತು ಇಳಿಯಲಿಲ್ಲ.

ಗೆಳೆಯ, ಹೆದ್ದಾರಿ ಅಗಲವಾದಾಗ ನಮ್ಮ ಹೋಟೆಲಿನ ಮುಂಭಾಗ ಹೋದದ್ದು ನಿನಗೆ ಗೊತ್ತು. ಹಿಂದಿನ ಕೋಣೆ ಉಳಿದಿತ್ತು ಎಂಬುದು ಗೊತ್ತಿಲ್ಲ, ಏಕೆಂದರೆ ನಾನು ಹೇಳಲಿಲ್ಲ. ಆಯಿ ಒಂದು ತೆಂಗಿನ ನಾರಿನ ಹಗ್ಗಕ್ಕೆ ಗಂಟು ಹಾಕಿ ಆ ಕೋಣೆಯನ್ನು ಅಳೆದಿದ್ದಳು. “ನಾಲ್ಕು ಮೇಜು ಹಿಡಿಸುತ್ತವೆ, ಅಷ್ಟೇ ಸಾಕು,” ಎಂದಿದ್ದಳು. ನನಗೆ ಬೇಡವಾಗಿತ್ತು. ಬೆಂಗಳೂರಿನಲ್ಲಿ ಮನೆ ಕೊಂಡಿದ್ದೆ. ಊರಿಗೆ ಬಂದಾಗಲೆಲ್ಲ ಗಲ್ಲಾದ ಮೇಲೆ ಕೂರುವುದು, ಬಡಿಸುವ ಹುಡುಗ ಬಾರದ ದಿನ ಮತ್ತೆ ಬಕೆಟ್ ಹಿಡಿಯುವುದು, ಅದನ್ನೆಲ್ಲ ದಾಟಿಬಂದಿದ್ದೇನೆ ಎಂದುಕೊಂಡಿದ್ದೆ. ಮಂಡಿನೋವು ಎಂದೆ, ವಯಸ್ಸು ಎಂದೆ, ಲೆಕ್ಕ ತೋರಿಸಿದೆ. ಅವಳು ಒಪ್ಪಲಿಲ್ಲ. ಮೂರನೆಯ ದಿನ ಕೇಳಿದಳು, “ಯಾರಾದರೂ ಏನಾದರೂ ಅಂದರೇ? ಸಾರು ಕೆಟ್ಟಿತ್ತೇ?”

ನಾನು ಹೌದು ಎಂದೆ.

“ಈಚೆಗೆ ನಿನಗೆ ಉಪ್ಪಿನ ಅಂದಾಜು ತಪ್ಪುತ್ತಿದೆ ಆಯಿ. ಗಿರಾಕಿಗಳು ನಿನ್ನೆದುರು ಹೇಳುವುದಿಲ್ಲ, ನನ್ನ ಹತ್ತಿರ ಹೇಳುತ್ತಾರೆ,” ಎಂದೆ. ಯಾರೂ ಹೇಳಿರಲಿಲ್ಲ. ಅದೇ ಮಧ್ಯಾಹ್ನ ಅವಳ ಬಂಗುಡೆ ಸಾರನ್ನು ನಾನು ಎರಡು ಸಲ ಹಾಕಿಸಿಕೊಂಡಿದ್ದೆ. ಆಯಿ ಮಾತನಾಡಲಿಲ್ಲ. ಹಗ್ಗವನ್ನು ಸುತ್ತಿ ಮೊಳೆಗೆ ತೂಗುಹಾಕಿ ಕೈ ತೊಳೆಯಲು ಹೋದಳು. ತಿಂಗಳೊಳಗೆ ಹೋಟೆಲ್ ಮುಚ್ಚಿತು.

ಆ ದಿನ ನಾನು ಎಲ್ಲರೂ ಓದುವಂತೆ ಬರೆದಿದ್ದೆ. ಮೂವತ್ತು ವರ್ಷ ಊರಿಗೆ ಉಣ್ಣಿಸಿದ ಆಯಿ ದಣಿದಿದ್ದಾಳೆ, ಇನ್ನು ವಿಶ್ರಾಂತಿ ಎಂದು. ಎಷ್ಟು ಜನ ಕಣ್ಣೀರು ಬಂತು ಎಂದರು. ಒಳ್ಳೆಯ ಮಗ ಎಂದರು. ಇದನ್ನು ನಿನ್ನೊಬ್ಬನಿಗೇ ಬರೆಯಬಹುದಿತ್ತು. ಆದರೆ ಆ ಮಾತನ್ನು ಎಲ್ಲರ ಮುಂದೆ ಹೇಳಿಸಿಕೊಂಡವನು ಈ ಮಾತನ್ನೂ ಎಲ್ಲರ ಮುಂದೆಯೇ ಹೇಳಬೇಕು.

ಅರವತ್ತು ಜನರ ಸಾರಿಗೆ ಮುಷ್ಟಿಯಲ್ಲಿ ಉಪ್ಪು ಎಸೆಯುತ್ತಿದ್ದವಳು ಈಗ ನಾಲ್ಕು ಜನರ ಸಾರಿಗೆ ಚಮಚದಲ್ಲಿ ಅಳೆದು ಹಾಕುತ್ತಾಳೆ. ಉಪ್ಪಿನ ಡಬ್ಬಿಗೆ ಆ ಚಮಚವನ್ನು ದಾರದಿಂದ ಕಟ್ಟಿದ್ದಾಳೆ, ಬೇರೆ ಚಮಚ ಬಳಸಿ ಅಳತೆ ತಪ್ಪಬಾರದೆಂದು. ತಟ್ಟೆ ಮುಂದಿಟ್ಟು ಕೇಳುತ್ತಾಳೆ, ಉಪ್ಪು ಸರಿಯಾಗಿದೆಯೇ? ನೀನು ಬಂದ ದಿನ ಮೂರು ಸಲ ಕೇಳಿದಳು. ಆಮೇಲೆ ನಾವಿಬ್ಬರೂ ಅದನ್ನು ನಮ್ಮ ನಗೆಮಾತು ಮಾಡಿಕೊಂಡೆವು. ನಾಲ್ಕು ವರ್ಷಗಳಿಂದ ನೀನು ಕರೆ ಮಾಡಿದರೆ ಮೊದಲ ಮಾತು ಅದೇ. ನನ್ನ ಮಗಳೂ ಕಲಿತಿದ್ದಾಳೆ. ಪ್ರತಿ ಸಲ ನಿನ್ನ ಜೊತೆ ನಕ್ಕಿದ್ದೇನೆ. ಆ ಪ್ರಶ್ನೆ ಎಲ್ಲಿ ಹುಟ್ಟಿತೆಂದು ತಿಳಿದಿದ್ದವನು ನಾನೊಬ್ಬನೇ.

ಇಷ್ಟು ಬರೆಯಬೇಕೆಂದು ಕೂತಿರಲಿಲ್ಲ. ಖಾವ್ ಸೋಯ್ ಬಗ್ಗೆ ಬರೆಯಬೇಕೆಂದಿದ್ದೆ, ಅದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನಿನ್ನ ಹೆಂಡತಿ ಬೇಸರ ಮಾಡಿಕೊಳ್ಳುತ್ತಾಳೆ. ಅದು ಮಧ್ಯಾಹ್ನದ ತಿನಿಸು. ಭಾನುವಾರ ಸಿಕ್ಕಿತು, ಬಟ್ಟಲಿಗೆ ಇಲ್ಲಿಯ ಹಣದಲ್ಲಿ 60 ಬಾತ್. ತೆಂಗಿನಹಾಲಿನ ಹಳದಿ ಸಾರಿನಲ್ಲಿ ಮೊಟ್ಟೆಯ ನೂಡಲ್ಸ್, ಮೇಲೆ ಅದೇ ನೂಡಲ್ಸನ್ನು ಕರಿದು ಇಟ್ಟ ಗರಿಗರಿ ಗೂಡು. ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪು, ಸಣ್ಣ ಈರುಳ್ಳಿ, ನಿಂಬೆ. ಯುನ್ನಾನ್‌ನಿಂದ ಕುದುರೆ, ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ಬರುತ್ತಿದ್ದ ಮುಸ್ಲಿಂ ವ್ಯಾಪಾರಿಗಳ ಜೊತೆ ಇದರ ನಂಟು ಹೇಳುತ್ತಾರೆ. ಅವರ ಮಸೀದಿಯ ಆಸುಪಾಸಿನಲ್ಲಿ ಇಂದಿಗೂ ಒಳ್ಳೆಯ ಖಾವ್ ಸೋಯ್ ಸಿಗುತ್ತದೆ. ನೀನಿದ್ದಿದ್ದರೆ ಎರಡು ಬಟ್ಟಲು ತಿಂದು ಕಾರವಾರದ ಟಿಕೆಟ್ಟಿನ ಕಥೆ ಶುರುಮಾಡುತ್ತಿದ್ದೆ.

ಇವತ್ತು ಹೊರಡುವಾಗ ಅಜ್ಜಿ ಒಂದು ಹಿಡಿ ಮಖ್ವೇನ್ ಕೊಟ್ಟಳು, ಹಣ ತೆಗೆದುಕೊಳ್ಳಲಿಲ್ಲ. ಹುಡುಗಿ ತನ್ನ ಗಣಿತದ ಹಾಳೆ ಹರಿದು ಪೊಟ್ಟಣ ಕಟ್ಟಿದಳು. ಮೂರನೆಯ ಲೆಕ್ಕಕ್ಕೆ ಕೆಂಪು ಗೆರೆ ಬಿದ್ದಿದೆ. ಅದನ್ನು ನೋಡಿದರೆ ನೀನು ಯಾರ ಹೆಸರು ಹೇಳುತ್ತೀಯೆಂದು ಗೊತ್ತು, ಇಲ್ಲಿ ಬರೆಯುವುದಿಲ್ಲ.

ಶನಿವಾರ ಮಧ್ಯಾಹ್ನ ಮನೆಗೆ ಬಾ. ಆಯಿ ಮೊಬೈಲಿನಲ್ಲಿ ಇದನ್ನೆಲ್ಲ ಓದುವವಳಲ್ಲ, ನಾನೇ ಹೇಳಬೇಕು. ಹೇಳುವಾಗ ನೀನು ಪಕ್ಕದಲ್ಲಿರಬೇಕು. ಬರುವಾಗ ಬಂಗುಡೆ ತಾ, ಕಿವಿರು ಕೆಂಪಗಿದೆಯೇ ಎಂದು ಎತ್ತಿ ನೋಡಿ ತಾ, ಕಳೆದ ಸಲದಂತೆ ಅಂಗಡಿಯವನ ಮಾತು ನಂಬಬೇಡ. ಜುಮ್ಮನಕಾಯಿ ನನ್ನ ಬಳಿ ಇದೆ. ನೀನು ಬರುವಷ್ಟರಲ್ಲಿ ಉಪ್ಪಿನ ಡಬ್ಬಿಯ ದಾರ ಬಿಚ್ಚಿ ಆ ಚಮಚವನ್ನು ಎಲ್ಲಾದರೂ ಇಟ್ಟುಬಿಡುತ್ತೇನೆ.

ನಿನ್ನವ