ಹಿಮದ ಹಾದಿಗೆ ಹೊರಡುವ ಮುನ್ನ ವಾಹನವೂ ಸಜ್ಜಾಗಲಿ

ಸಂಪಾದಕರಿಗೆ,

ಮಾನ್ಯರೇ,

ವರ್ಷಾಂತ್ಯದ ರಜೆಯಲ್ಲಿ ಸ್ವಂತ ಕಾರಿನಲ್ಲೇ ಮನಾಲಿಯವರೆಗೆ ಹೋಗಿಬರುವ ಕುಟುಂಬಗಳು ನಮ್ಮಲ್ಲೂ ಇವೆ. 2020ರ ಅಕ್ಟೋಬರ್‌ನಲ್ಲಿ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ಉದ್ಘಾಟನೆಯಾದ ಮೇಲೆ ಚಳಿಗಾಲದಲ್ಲೂ ಮನಾಲಿಯಾಚೆಯ ಲಾಹೌಲ್ ಕಣಿವೆ ತಲುಪುವುದು ಸುಲಭವಾಗಿದೆಯಾದರೂ ಸುರಂಗದ ಬಾಗಿಲವರೆಗಿನ ರಸ್ತೆಗೆ ಹಿಮಪಾತದಿಂದ ರಕ್ಷಣೆಯಿಲ್ಲ. 2024ರ ಡಿಸೆಂಬರ್ ಕೊನೆಯ ವಾರಗಳಲ್ಲಿ ಮನಾಲಿ ಬಳಿಯ ಸೋಲಂಗ್ ಮತ್ತು ಸುರಂಗದ ನಡುವೆ ಸಾವಿರದಷ್ಟು ವಾಹನಗಳು ಸಿಲುಕಿ, ಪ್ರವಾಸಿಗರನ್ನು ಪೊಲೀಸರು ಹೊರತರಬೇಕಾಯಿತು.

ಹುಬ್ಬಳ್ಳಿಯಲ್ಲಿ ಗ್ಯಾರೇಜ್ ನಡೆಸುವ ನನ್ನ ಬಳಿಗೆ ಇಂಥ ಪ್ರಯಾಣಕ್ಕೆ ಮುನ್ನ ಕಾರು ತರುವವರು ಆಯಿಲ್, ಬ್ರೇಕ್, ಟೈರುಗಳನ್ನು ತಪ್ಪದೆ ನೋಡಿಸುತ್ತಾರೆ. ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಬಗ್ಗೆ ಕೇಳುವವರು ವಿರಳ. ಮುಚ್ಚಳ ತೆಗೆದರೆ ಎಷ್ಟೋ ರೇಡಿಯೇಟರುಗಳಲ್ಲಿ ಕಾಣುವುದು ತುಕ್ಕುಬಣ್ಣದ ನೀರು, ಅಂದರೆ ಬೇಸಿಗೆಯಲ್ಲಿ ಎಂಜಿನ್ ಕಾದಾಗ ದಾರಿಯಲ್ಲೆಲ್ಲೋ ಸುರಿದ ನಲ್ಲಿ ನೀರು. ನಮ್ಮೂರಿನಲ್ಲಿ ಅದರಿಂದ ತಕ್ಷಣಕ್ಕೆ ತೊಂದರೆಯಾಗದಿರಬಹುದು. ಆದರೆ ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ರಾತ್ರಿಯಿಡೀ ನಿಂತರೆ ಆ ನೀರು ಹೆಪ್ಪುಗಟ್ಟಿ ಹಿಗ್ಗಿ, ರೇಡಿಯೇಟರನ್ನಷ್ಟೇ ಅಲ್ಲ, ಎಂಜಿನ್ ಬ್ಲಾಕನ್ನೂ ಸೀಳಬಲ್ಲದು. ನೀರು ಬೆರೆಸದ ಗಟ್ಟಿ (ಕಾನ್ಸಂಟ್ರೇಟ್) ಕೂಲಂಟ್ ಮತ್ತು ಬಟ್ಟಿ ಇಳಿಸಿದ ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ತುಂಬಿಸಿದರೆ ಸುಮಾರು ಮೈನಸ್ 35 ಡಿಗ್ರಿಯವರೆಗೆ ಆ ಭಯವಿಲ್ಲ. ಹಳೆಯ ಬ್ಯಾಟರಿ ಇದ್ದವರು ಹೊರಡುವ ಮುನ್ನವೇ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಎಂಜಿನ್ ತಿರುಗಿಸಲು ಬೇಕಾಗುವ ಶಕ್ತಿ ಮಾತ್ರ ಹೆಚ್ಚುತ್ತದೆ.

ಜೊತೆಗೆ ಒಯ್ಯಬೇಕಾದ ಸಾಮಾನು ದುಬಾರಿಯದೇನಲ್ಲ. ಸಣ್ಣ ಸಲಿಕೆ, ಎಳೆಯುವ ಹಗ್ಗ, ಜಂಪರ್ ಕೇಬಲ್ (ಇನ್ನೊಂದು ವಾಹನದ ಬ್ಯಾಟರಿಯಿಂದ ಎಂಜಿನ್ ಚಾಲೂ ಮಾಡುವ ತಂತಿ), ಟಾರ್ಚ್, ತಲೆಗೊಂದು ಕಂಬಳಿ, ಕೈಗವಸು, ಕುಡಿಯುವ ನೀರು, ನಿತ್ಯದ ಔಷಧಿ ಮತ್ತು ಒಲೆ ಹಚ್ಚದೆ ತಿನ್ನಬಹುದಾದ ಶೇಂಗಾ ಚಿಕ್ಕಿ, ಹುರಿಗಡಲೆ, ಖರ್ಜೂರ ಇದ್ದರೆ ಒಂದು ರಾತ್ರಿಯನ್ನು ಕಳೆಯಬಹುದು. ಕಂಬಳಿ ಮತ್ತು ತಿನಿಸು ಡಿಕ್ಕಿಯಲ್ಲಿರದೆ ಸೀಟಿನ ಬಳಿಯೇ ಇರಲಿ; ಹಿಮ ಬಿದ್ದ ಮೇಲೆ ಡಿಕ್ಕಿಯ ಬಾಗಿಲು ತೆರೆಯುವುದೇ ಕಷ್ಟವಾಗಬಹುದು. ಹಿಮದಲ್ಲಿ ಜಾರದಂತೆ ಟೈರಿಗೆ ಕಟ್ಟುವ ಸರಪಳಿಯನ್ನು ನಿಮ್ಮ ಟೈರಿನ ಅಳತೆಗೆ ತಕ್ಕಂತೆ ಕೊಂಡು, ಮನೆಯಂಗಳದಲ್ಲಿ ಒಮ್ಮೆ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿಕೊಳ್ಳಿ. ಎಂಜಿನ್ ಶಕ್ತಿ ಹರಿಯುವ ಚಕ್ರಗಳಿಗೆ ಅದನ್ನು ಕಟ್ಟಬೇಕು. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಅವು ಮುಂದಿನ ಚಕ್ರಗಳು.

ಇಷ್ಟೆಲ್ಲ ಇದ್ದೂ ಒಂದು ಸಂಗತಿ ತಿಳಿಯದಿದ್ದರೆ ಪ್ರಾಣಕ್ಕೇ ಕುತ್ತು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಗಿರಿಧಾಮದ ದಾರಿಯಲ್ಲಿ ಹಿಮದಲ್ಲಿ ಸಿಲುಕಿದ ವಾಹನಗಳಲ್ಲಿ ಮಕ್ಕಳೂ ಸೇರಿ ಕನಿಷ್ಠ 22 ಮಂದಿ ಸತ್ತರು. ಅವರಲ್ಲಿ ಹಲವರ ಜೀವ ತೆಗೆದದ್ದು ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಎಂದು ವರದಿಯಾಗಿತ್ತು. ಹಿಮ ಸೈಲೆನ್ಸರ್ ಕೊಳವೆಯನ್ನು ಮುಚ್ಚಿದಾಗ, ಹೀಟರಿಗಾಗಿ ಎಂಜಿನ್ ಓಡಿಸುತ್ತಿದ್ದರೆ ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲ ಕಾರಿನೊಳಗೆ ತುಂಬುತ್ತದೆ. ನಿದ್ರೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಆದ್ದರಿಂದ ಪ್ರತಿ ಸಲ ಎಂಜಿನ್ ಚಾಲೂ ಮಾಡುವ ಮುನ್ನ ಇಳಿದು ಕೊಳವೆಯ ಸುತ್ತಲಿನ ಹಿಮ ತೆಗೆಯಬೇಕು, ಗಂಟೆಗೆ ಹತ್ತು ನಿಮಿಷ ಮಾತ್ರ ಓಡಿಸಬೇಕು, ಗಾಳಿ ಬೀಸದ ಕಡೆಯ ಕಿಟಕಿಯನ್ನು ಬೆರಳಗಲ ತೆರೆದಿಡಬೇಕು ಮತ್ತು ಒಬ್ಬರಾದರೂ ಎಚ್ಚರವಾಗಿರಬೇಕು. ಕಾರಿನೊಳಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನಾಗಲಿ ಗ್ಯಾಸ್ ಸ್ಟೌವನ್ನಾಗಲಿ ಯಾವ ಕಾರಣಕ್ಕೂ ಹಚ್ಚಬಾರದು.

ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಹಿಮದ ಚಿತ್ರಗಳ ಪಕ್ಕದಲ್ಲಿ ಈ ಎಚ್ಚರಿಕೆಗಳಿಗೂ ನಾಲ್ಕು ಸಾಲಿನ ಜಾಗ ಸಿಗಬೇಕು. ಚಳಿಗಾಲದಲ್ಲಿ ಗುಡ್ಡಗಾಡಿಗೆ ಕಾರು ಬಾಡಿಗೆಗೆ ಕೊಡುವವರು ಸರಪಳಿ, ಸಲಿಕೆ ಮತ್ತು ಕಂಬಳಿಗಳನ್ನು ಕಾರಿನಲ್ಲಿಟ್ಟೇ ಕೀಲಿ ಕೊಡುವಂತೆ ಸಾರಿಗೆ ಇಲಾಖೆಗಳು ನಿಯಮ ಮಾಡಬೇಕೆಂದು ಕೋರುತ್ತೇನೆ.

– ಗ್ಯಾರೇಜ್ ಮಾಲೀಕ, ಹುಬ್ಬಳ್ಳಿ