ಸಲಾಡ್ ಮಾಡುವ ಮುಂಚೆ ಸೊಪ್ಪಿನ ನೀರು ಆರಿಸು

ಚಿ. ಸುಹಾಸನಿಗೆ,

ಮೈಸೂರಿನಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಬರುವ ಭಾನುವಾರ ಆಫೀಸಿನ ಆರು ಜನರನ್ನು ಊಟಕ್ಕೆ ಕರೆದಿದ್ದೀಯಂತೆ. ಹಣ್ಣು, ಚೀಸ್, ವಾಲ್ನಟ್ ಹಾಕಿ ಹಸಿರು ಸಲಾಡ್ ಮಾಡುತ್ತೀಯಂತೆ. ನಿನ್ನಮ್ಮ ಹೇಳಿದಳು. ಹೋಟೆಲಿನ ಕೋಲ್ಡ್ ಕಿಚನ್ನಿನಲ್ಲಿ ಸೊಪ್ಪು ತೊಳೆದೇ ರಿಟೈರ್ ಆದವನು ನಾನು, ಸುಮ್ನೆ ಇರೋಕಾಗುತ್ತಾ? ಫೋನಿನಲ್ಲಿ ಹೇಳಿದರೆ ಎಲ್ಲದಕ್ಕೂ "ಹ್ಞೂಂ ಮಾವ" ಅಂತೀಯ. ಅದಕ್ಕೇ ಈ ಕಾಗದ.

ನಿನಗೆ ಡ್ರೆಸಿಂಗಿನ (ಅದೇ, ಸಲಾಡಿಗೆ ಕಲಸುವ ಎಣ್ಣೆ-ಹುಳಿಯ) ಚಿಂತೆ, ನನಗೆ ನೀರಿನ ಚಿಂತೆ. ಸಲಾಡ್ ಕೆಡುವುದು ಹೆಚ್ಚಾಗಿ ನೀರಿನಿಂದಲೇ. ಸೊಪ್ಪು ಒದ್ದೆ ಇದ್ದರೆ ಎಣ್ಣೆ ಎಲೆಗೆ ಅಂಟುವುದಿಲ್ಲ. ಜಾರಿ ಬಟ್ಟಲಿನ ತಳಕ್ಕೆ ಹೋಗಿ ಕೂರುತ್ತದೆ. ಮೇಲಿನ ಎಲೆ ಸಪ್ಪೆ, ಕೆಳಗಡೆ ಹುಳಿನೀರು.

ಹಾಗಾಗಿ ಭಾನುವಾರ ಬೆಳಿಗ್ಗೆಯೇ ಸೊಪ್ಪಿನ ಕೆಲಸ ಮುಗಿಸು. ಆರು ಜನಕ್ಕೆ ಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ ಲೆಟ್ಯೂಸ್ ಸಾಕು. ರೊಮೇನ್ ಸಿಕ್ಕರೆ ಅದು, ಇಲ್ಲದಿದ್ದರೆ ಐಸ್‌ಬರ್ಗ್. ಜೊತೆಗೆ ಒಂದು ಹಿಡಿ ರಾಕೆಟ್ ಸೊಪ್ಪು ಇರಲಿ, ಅದರ ಕಹಿ-ಖಾರ ಹಣ್ಣಿನ ಸಿಹಿಗೆ ಬೇಕು. ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಬುಡದ ಮಣ್ಣು ಹೋಗುವ ತನಕ ತೊಳೆ. ಹಸಿಯಾಗಿ ತಿನ್ನುವಂಥದ್ದು, ಕೊನೆಯ ನೀರು ಕುಡಿಯುವ ನೀರೇ ಆಗಿರಲಿ. ಆಮೇಲೆ ಐಸ್ ಹಾಕಿದ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಡು. ಬಾಡಿದ ಎಲೆ ನೀರು ಕುಡಿದು ಮತ್ತೆ ಬಿಗಿಯಾಗುತ್ತದೆ, ಕಡಿದರೆ ಕರುಂ ಅನ್ನಬೇಕು. ಬಸಿದು, ಒಗೆದ ಹಳೇ ಪಂಚೆಯ ಮೇಲೆ ಹರಡಿ ಮೆತ್ತಗೆ ಒತ್ತು. ಒಣಗಿದ ಮೇಲೆ ಬಟ್ಟೆ ಸಮೇತ ಸುತ್ತಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡು. ಸೊಪ್ಪಿನ ನೀರು ತೆಗೆಯಲೆಂದೇ ತಿರುಗಿಸುವ ಬುಟ್ಟಿ ಬರುತ್ತದೆ, ಈಗಲೇ ಕೊಳ್ಳಬೇಡ. ಎಲೆಗೆ ಚಾಕು ಮುಟ್ಟಿಸಬಾರದು ಅನ್ನುವವರ ಮಾತೂ ಕೇಳಬೇಡ. ಚಾಕು ಹರಿತವಾಗಿದ್ದರೆ ಏನೂ ಆಗಲ್ಲ.

ಹಣ್ಣಿಗೆ ಮರಸೇಬು ತಗೋ. ಹೆಬ್ಬೆರಳಿನಲ್ಲಿ ತೊಟ್ಟಿನ ಹತ್ತಿರ ಒತ್ತಿದರೆ ಸ್ವಲ್ಪ ಬಗ್ಗಬೇಕು, ಅದು ಹದ. ಎರಡು ಸಾಕು. ಹೆಚ್ಚಿದ ಕೂಡಲೇ ನಿಂಬೆರಸ ಸವರದಿದ್ದರೆ ಕಂದು ತಿರುಗುತ್ತದೆ. ಮೇಲೆ ಉದುರಿಸಲು ಅರ್ಧ ದಾಳಿಂಬೆ. ಅನಾನಸ್, ಪರಂಗಿ, ಕಿವಿ ಬೇಡ. ಹಸಿ ಅನಾನಸ್ಸಿನಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಚೀಸಿನ ಜೊತೆ ಸ್ವಲ್ಪ ಹೊತ್ತು ಬಿಟ್ಟರೆ ಕಹಿ ಬರುತ್ತದೆ. ಪರಂಗಿ, ಕಿವಿಯದ್ದೂ ಅದೇ ಕಥೆ. ಹಾಪ್‌ಕಾಮ್ಸ್‌ಗೆ ಹೋದಾಗ ಬೆಂಗಳೂರು ಬ್ಲೂ ದ್ರಾಕ್ಷಿ ನೋಡಿ ಆಸೆಪಟ್ಟು ತರಬೇಡ. (1959ರಲ್ಲಿ ಹಾಪ್‌ಕಾಮ್ಸ್ ಶುರುವಾಗಿದ್ದೇ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ, ಗೊತ್ತಾ?) ಆ ದ್ರಾಕ್ಷಿಯ ಪರಿಮಳ ಚೆನ್ನ, ಆದರೆ ಸಿಪ್ಪೆ ದಪ್ಪ, ಬೀಜ ಬೇರೆ. ಬಂದವರು ಬೀಜ ಎಲ್ಲಿ ಉಗುಳಬೇಕು?

ಚೀಸ್ ವಿಷಯದಲ್ಲಿ ಮೊದಲು ಪ್ಯಾಕೆಟ್ ಓದು. ಎಷ್ಟೋ ಚೀಸುಗಳಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇಟಲಿಯ ಅಸಲಿ ಪಾರ್ಮೆಸಾನ್ ಅಂಥದ್ದು. ನಿನ್ನ ಜೊತೆಯವರಲ್ಲಿ ಸಸ್ಯಾಹಾರಿಗಳಿದ್ದರೆ ಹಸಿರು ಚುಕ್ಕಿ ಇರುವುದನ್ನೇ ತಾ. ನನ್ನ ಕೇಳಿದರೆ ಫೆಟಾ. ಯುರೋಪಿನಲ್ಲಿ 2002ರಿಂದ ಗ್ರೀಸಿನದ್ದಕ್ಕೆ ಮಾತ್ರ ಆ ಹೆಸರು. ಕುರಿ ಹಾಲು, ಹೆಚ್ಚೆಂದರೆ ಅದಕ್ಕೆ ಸ್ವಲ್ಪ ಮೇಕೆ ಹಾಲು. ನಮ್ಮಲ್ಲಿ ಹಸುವಿನ ಹಾಲಿನ ಫೆಟಾ ಸಿಗುತ್ತದೆ, ಸ್ವಲ್ಪ ಸೌಮ್ಯ, ನಮ್ಮ ಕೆಲಸಕ್ಕೆ ಸಾಕು. ನೂರು ಗ್ರಾಂ ಪುಡಿ ಮಾಡಿ ಹಾಕು. ಬ್ಲೂ ಚೀಸ್ ಮರಸೇಬಿಗೆ ಸರಿಜೋಡಿ, ನನಗೆ ಇಷ್ಟ. ಆದರೆ ಮೊದಲ ಸಲ ತಿನ್ನುವವರು ಮೂಗು ಮುಚ್ಚಿಕೊಳ್ಳುತ್ತಾರೆ, ನಿನ್ನ ಪಾರ್ಟಿಯಲ್ಲಿ ಆ ಸಾಹಸ ಬೇಡ. ಎರಡೂ ಸಿಗದಿದ್ದರೆ ಪನೀರನ್ನು ಸಣ್ಣಗೆ ಹೆಚ್ಚಿ, ಬಿಸಿ ಉಪ್ಪುನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ತೆಗೆದು ಒರೆಸು. ಪನೀರ್ ಅಂತ ಮುಖ ಸಿಂಡರಿಸಬೇಡ, ಉಪ್ಪು ಹಿಡಿದರೆ ಅದೂ ರುಚಿಯೇ.

ವಾಲ್ನಟ್ಟಿಗೆ ಕೊಡುವ ದುಡ್ಡು ಸಾರ್ಥಕ ಆಗಬೇಕಾದರೆ ಹುರಿ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ಬಿಡದೆ ಆಡಿಸು. ಘಮ ಬಂದ ತಕ್ಷಣ ತಟ್ಟೆಗೆ ಸುರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀಯುತ್ತದೆ. ಕೊಳ್ಳುವಾಗ ಒಂದು ಬಾಯಿಗೆ ಹಾಕಿಕೊಂಡು ನೋಡು, ಹಳೇ ಎಣ್ಣೆಯ ವಾಸನೆ ಬಂದರೆ ಬಿಟ್ಟು ಬಾ. ದುಬಾರಿ ಅನ್ನಿಸಿದರೆ ನಮ್ಮ ಮಂಗಳೂರಿನ ಗೋಡಂಬಿ ಚೂರು ನಡೆಯುತ್ತದೆ. ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನ ಹೆಸರಾಂತ ಸಲಾಡಿಗೂ 1896ರಲ್ಲಿ ಅಚ್ಚಾದ ವಿಧಾನದಲ್ಲಿ ವಾಲ್ನಟ್ ಇರಲಿಲ್ಲ. ಸೇಬು, ಸೆಲರಿ, ಮಯೋನೀಸ್, ಅಷ್ಟೇ. ವಾಲ್ನಟ್ ಸೇರಿಕೊಂಡಿದ್ದು ಆಮೇಲೆ. ಹಾಗಾಗಿ ಅಸಲಿ ರೆಸಿಪಿ ಯಾವುದು ಅಂತ ಮೊಬೈಲಿನಲ್ಲಿ ರಾತ್ರಿಯೆಲ್ಲ ಹುಡುಕಬೇಡ.

ಆದರೆ ಯಾರಿಗಾದರೂ ಗೋಡಂಬಿ, ವಾಲ್ನಟ್ ಅಲರ್ಜಿ ಇದೆಯಾ ಅಂತ ಶನಿವಾರವೇ ಕೇಳಿಬಿಡು. ಇದೆ ಅಂದರೆ ಅವತ್ತು ಬೀಜವೇ ಬೇಡ.

ಡ್ರೆಸಿಂಗ್ ಎರಡು ನಿಮಿಷದ ಕೆಲಸ. ಆರು ಚಮಚ ಆಲಿವ್ ಎಣ್ಣೆಗೆ ಎರಡು ಚಮಚ ನಿಂಬೆರಸ, ಅರ್ಧ ಚಮಚ ಸಾಸಿವೆ ಪೇಸ್ಟ್, ಒಂದು ಚಮಚ ಜೇನು, ಕಾಳುಮೆಣಸು. ಮುಚ್ಚಳ ಬಿಗಿಯಾದ ಬಾಟಲಿಯಲ್ಲಿ ಹಾಕಿ ಕುಲುಕು. ಸಾಸಿವೆ ಇದ್ದರೆ ಎಣ್ಣೆ, ಹುಳಿ ಬೇಗ ಬೇರೆಯಾಗುವುದಿಲ್ಲ. ಚೀಸಿನಲ್ಲೇ ಉಪ್ಪಿದೆ, ಒಂದು ಎಲೆ ಅದ್ದಿ ರುಚಿ ನೋಡಿ ಆಮೇಲೆ ಉಪ್ಪು ಹಾಕು.

ಕಲಸುವುದು ಮಾತ್ರ ಎಲ್ಲರೂ ಊಟಕ್ಕೆ ಕೂತ ಮೇಲೆ. ರಾಮನವಮಿಗೆ ನಿಮ್ಮಜ್ಜಿ ಕೋಸಂಬರಿಗೆ ಉಪ್ಪು ಯಾವಾಗ ಹಾಕುತ್ತಿದ್ದರು, ನೆನಪಿದೆಯಾ? ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಇಲ್ಲೂ ಉಪ್ಪು ಎಲೆಯ ನೀರು ಎಳೆಯುತ್ತದೆ. ಅದಕ್ಕಿಂತ ಎಣ್ಣೆಯೇ ದೊಡ್ಡ ಶತ್ರು. ಎಲೆಯ ಮೇಲಿನ ಮೇಣದಂಥ ಪೊರೆಯನ್ನು ದಾಟಿ ಒಳಗಿಳಿದು ಎಲೆಯನ್ನು ಬಾಡಿಸಿ ಕಪ್ಪಾಗಿಸುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಮೊದಲು ಸೊಪ್ಪು, ಸ್ವಲ್ಪ ಸ್ವಲ್ಪವೇ ಡ್ರೆಸಿಂಗ್, ಕೈಯಲ್ಲೇ ಹಗುರವಾಗಿ ತಿರುಗಿಸು. ಎಲೆ ಮಿನುಗಿದರೆ ಸಾಕು, ಬಾಟಲಿ ಖಾಲಿ ಮಾಡಲೇಬೇಕು ಅಂತೇನಿಲ್ಲ. ಆಮೇಲೆ ಹಣ್ಣು, ಚೀಸ್. ವಾಲ್ನಟ್ ಎಲ್ಲಕ್ಕಿಂತ ಕೊನೆಗೆ.

ಕಲಸಿದ್ದು ಉಳಿದರೆ ರಾತ್ರಿಗೆ ಅಂತ ಎತ್ತಿಡಬೇಡ. ಅದಕ್ಕೇ ಅರ್ಧ ಸೊಪ್ಪು ಮಾತ್ರ ಮೊದಲು ಕಲಸು, ಖಾಲಿಯಾದರೆ ಇನ್ನರ್ಧ. ನಿನ್ನತ್ತೆ ಹಿತ್ತಲಿನ ನಿಂಬೆಹಣ್ಣು ಕಟ್ಟಿಟ್ಟಿದ್ದಾಳೆ, ಶುಕ್ರವಾರ ಪಕ್ಕದ ಮನೆಯವರು ಬೆಂಗಳೂರಿಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಊಟಕ್ಕೆ ಬೇರೆ ಏನೇನು ಮಾಡುತ್ತೀಯ, ಬರೆ.

ಇಂತಿ ನಿನ್ನ ಮಾವ